ಸಿನಿಮಾದಲ್ಲಿರೋ ಹಸು ನಮ್ಮದಲ್ಲ

ನಮ್ಮವ್ವನ ಮೇಲೆ ಒಂದು ಸಾಕ್ಷ್ಯಚಿತ್ರ ಇದೆ. ಹನ್ನೊಂದು ನಿಮಿಷದ್ದು. ಮುಂಜಾನೆಯ ಮಂಜಿನಲ್ಲಿ ಒಬ್ಬ ಹೆಂಗಸು ಹಾಲಿನ ಕ್ಯಾನು ಹಿಡಿದು ನಡೆದು ಬರುತ್ತಾಳೆ. ಹಿಂದೆ ಕೊಳಲಿನ ಸದ್ದು, ಅದರ ಮೇಲೆ ಇಂಗ್ಲಿಷಿನಲ್ಲಿ ಗಂಭೀರವಾದ ಒಂದು ದನಿ. ಮಂಜು ನಿಜದ್ದು, ಕ್ಯಾನೂ ನಮ್ಮದೇ. ಕ್ಯಾನಿನ ಒಳಗಿದ್ದದ್ದು ಮಾತ್ರ ಕೊಳಾಯಿ ನೀರು. ಖಾಲಿ ಕ್ಯಾನು ಹಿಡಿದರೆ ನಡಿಗೆ ಹಗುರಾಗಿ ಕಾಣುತ್ತದೆ ಅಂತ ಕ್ಯಾಮೆರಾದವನು ಹೇಳಿದ್ದಕ್ಕೆ ಅಪ್ಪ ತುಂಬಿಸಿ ಕೊಟ್ಟಿದ್ದು.

2007ರ ಜನವರಿ, ಸಂಕ್ರಾಂತಿ ಮುಗಿದ ವಾರ. ಆಗಿನ್ನೂ ರಾಮನಗರ ಜಿಲ್ಲೆ ಆಗಿರಲಿಲ್ಲ. ನಾನು ಚನ್ನಪಟ್ಟಣದಲ್ಲಿ ಬಿ.ಕಾಂ ಎರಡನೇ ವರ್ಷ ಓದುತ್ತಿದ್ದೆ. ನಮ್ಮೂರಿನ ಹೆಂಗಸರ ಉಳಿತಾಯ-ಸಾಲದ ಸಂಘಗಳನ್ನು ನೋಡಿಕೊಳ್ಳುತ್ತಿದ್ದ ಸಂಸ್ಥೆಯೊಂದರ ಮೇಲ್ವಿಚಾರಕರು ಮನೆಗೆ ಬಂದು, 'ಮುಂಬೈನಿಂದ ಸಿನಿಮಾದವರು ಬರ್ತಾರೆ, ಮೂರು ದಿನ ಇರ್ತಾರೆ, ನಿಮ್ಮ ಮಗಳು ಇಂಗ್ಲಿಷ್ ಓದಿದ್ದಾಳಲ್ಲ, ಮಾತು ದಾಟಿಸಲಿ' ಅಂದರು. ನನ್ನ ಇಂಗ್ಲಿಷು ಅಕೌಂಟೆನ್ಸಿ ಪುಸ್ತಕದ ಇಂಗ್ಲಿಷು. ಜಮಾ, ಖರ್ಚು, ಸವಕಳಿ ಇಷ್ಟಕ್ಕೆ ಸಾಲುತ್ತಿತ್ತು. ಅದನ್ನು ಹೇಳಿಕೊಳ್ಳಲು ನಾಚಿಕೆಯಾಗಿ ಹೂಂ ಅಂದುಬಿಟ್ಟೆ.

ಅವರು ನಮ್ಮೂರಿಗೆ ಬರಲು ಕಾರಣ ಬಾಂಗ್ಲಾದೇಶದಲ್ಲಿತ್ತು. ಹಿಂದಿನ ವರ್ಷವಷ್ಟೇ ಮುಹಮ್ಮದ್ ಯೂನುಸ್ ಅವರಿಗೂ ಅವರು ಕಟ್ಟಿದ ಗ್ರಾಮೀಣ ಬ್ಯಾಂಕಿಗೂ ಸೇರಿ ನೊಬೆಲ್ ಶಾಂತಿ ಪ್ರಶಸ್ತಿ ಬಂದಿತ್ತು. 1976ರಲ್ಲಿ ಚಿತ್ತಗಾಂಗ್ ಪಕ್ಕದ ಜೋಬ್ರಾ ಅನ್ನುವ ಹಳ್ಳಿಯಲ್ಲಿ ಬಿದಿರಿನ ಮಣೆ ಹೆಣೆಯುವ ಹೆಂಗಸರನ್ನು ಕಂಡು, ದಲ್ಲಾಳಿಗಳ ಕೈಗೆ ಸಿಕ್ಕಿಬಿದ್ದ 42 ಜನಕ್ಕೆ ಒಟ್ಟು 27 ಡಾಲರನ್ನು ತಮ್ಮ ಜೇಬಿನಿಂದ ಕೊಟ್ಟ ಮೇಷ್ಟ್ರ ಕಥೆ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. ಅಷ್ಟು ಸಣ್ಣ ದುಡ್ಡು, ಅಷ್ಟು ದೊಡ್ಡ ಕಥೆ. ಅಂಥದ್ದೇ ಒಂದನ್ನು ಹುಡುಕಿಕೊಂಡು ಆ ವರ್ಷ ಎಷ್ಟು ಕ್ಯಾಮೆರಾ ಎಷ್ಟು ಹಳ್ಳಿ ಹೊಕ್ಕವೋ! ನಮ್ಮೂರಿನ ಪಾಲಿಗೆ ಬಂದದ್ದು ಒಬ್ಬ ನಿರ್ದೇಶಕಿ, ಒಬ್ಬ ಕ್ಯಾಮೆರಾದ ಹುಡುಗ, ಉದ್ದನೆ ಕೋಲಿನ ತುದಿಗೆ ಮೈಕು ಸಿಕ್ಕಿಸಿಕೊಂಡ ಇನ್ನೊಬ್ಬ. ಆ ಕೋಲು ನೋಡಿ ನಮ್ಮ ಬೀದಿಯ ಮಕ್ಕಳು ಜೇನು ಕೀಳೋರು ಬಂದವ್ರೆ ಅಂತ ಹಿಂದೆ ಬಿದ್ದವು.

ಅವ್ವನನ್ನೇ ಯಾಕೆ ಆರಿಸಿದರು ಅನ್ನುವುದಕ್ಕೆ ದೊಡ್ಡ ಕಾರಣವಿಲ್ಲ. ಸಂಘದಲ್ಲಿ ನಿಜವಾಗಿ ಮೇಲೆ ಬಂದವಳು ಕೊನೆಮನೆ ಅಕ್ಕ. ಸಾಲ ತೆಗೆದು ಚಿಲ್ಲರೆ ಅಂಗಡಿ ಇಟ್ಟು, ಅದರ ಪಕ್ಕಕ್ಕೆ ಹಿಟ್ಟಿನ ಗಿರಣಿ ಹಾಕಿಸಿದ್ದಳು. ಆದರೆ ಅವಳಿಗೆ ಮೊದಲೇ ನಾಲ್ಕು ಎಕರೆ ನೀರಾವರಿ ಇತ್ತು, ಮನೆಗೆ ಆರ್‌ಸಿಸಿ ಇತ್ತು, ಮೇಲಾಗಿ ಅವಳಿಗೆ ಇದೆಲ್ಲ ಬೇಕಿರಲಿಲ್ಲ. 'ನಾನು ಬಡವಿ ಆಗಿದ್ದೆ ಅಂತ ಊರಿಗೆಲ್ಲ ತೋರಿಸ್ಕಬೇಕಾ?' ಅಂದಳಂತೆ. ನಮ್ಮದು ಮಂಗಳೂರು ಹೆಂಚಿನ ಮನೆ, ಮುಂದೆ ಸಗಣಿ ಸಾರಿಸಿದ ಅಂಗಳ, ಬೆಳಿಗ್ಗೆ ಎಳೆ ಬಿಸಿಲು ನೇರ ಬೀಳುತ್ತದೆ. ಅವ್ವ ನಗುತ್ತಾಳೆ. ಅಷ್ಟು ಸಾಕಾಯಿತು.

ಮೊದಲ ದಿನವೇ ತೊಡಕು. ಅಂಗಳದಲ್ಲಿ ಅವ್ವನನ್ನು ಕೂರಿಸಿ, 'ಈ ಸಾಲ ನಿಮ್ಮ ಬದುಕನ್ನು ಹೇಗೆ ಬದಲಾಯಿಸಿತು, ಕೇಳು' ಅಂದಳು ನಿರ್ದೇಶಕಿ. ಕೇಳಿದೆ. ಅವ್ವ ನನ್ನ ಮುಖ ನೋಡಿದಳು.

'ಯಾವ ಸಾಲ?'

ಪ್ರಶ್ನೆ ನ್ಯಾಯವಾದದ್ದೇ. ಆ ಹೊತ್ತಿಗೆ ಅವ್ವನ ತಲೆ ಮೇಲೆ ನಾಲ್ಕು ಸಾಲ ಇದ್ದವು. ಸಂಘದ ಟ್ರಂಕಿನಿಂದ ತೆಗೆದದ್ದು, ಸಂಘದ ಮೂಲಕ ಬ್ಯಾಂಕಿನಿಂದ ಬಂದದ್ದು, ಸೋದರಮಾವನ ಹತ್ತಿರ ಕೈಸಾಲ, ಇನ್ನೊಂದು ನೂರಕ್ಕೆ ಐದು ರೂಪಾಯಿ ಬಡ್ಡಿಯದು. ಆ ಕೊನೆಯದರ ಹೆಸರು ಎತ್ತಿದರೆ ಅಪ್ಪ ಎದ್ದು ಹೋಗುತ್ತಿದ್ದ. ಒಂದನ್ನು ತೀರಿಸಲು ಇನ್ನೊಂದು, ಅದರ ಕಂತಿಗೆ ಮತ್ತೊಂದು. ಪಾತ್ರೆ ತೊಳೆದು ಬೋರಲು ಹಾಕಿದ ಹಾಗೆ ಅವ್ವನ ತಲೆಯಲ್ಲಿ ಎಲ್ಲ ಸಾಲಾಗಿ ಕೂತಿರುತ್ತಿದ್ದವು. 'ಎಲ್ಲ ಸೇರಿಸಿ ಹೇಳ್ತಾಳಂತೆ' ಅಂತ ನಾನು ಇಂಗ್ಲಿಷಿಗೆ ದಾಟಿಸಿದೆ. ನಿರ್ದೇಶಕಿ ತಲೆಯಾಡಿಸಿ, ಇಲ್ಲ, ಹಸುವಿನ ಸಾಲ ಮಾತ್ರ ಅಂದಳು.

ಹಸುವಿನ ಸಾಲದ ಕಥೆಯೂ ಸರಳವಾಗಿಲ್ಲ. 2001ರಲ್ಲಿ ಅಂಗನವಾಡಿ ಟೀಚರಮ್ಮ ಬಂದು ಸ್ತ್ರೀಶಕ್ತಿ ಸಂಘ ಕಟ್ಟಿಸಿದರು. ಸರ್ಕಾರ ಆ ಯೋಜನೆ ಶುರು ಮಾಡಿದ್ದು ಅದರ ಹಿಂದಿನ ವರ್ಷ. ಹದಿನೇಳು ಜನ, ವಾರಕ್ಕೆ ತಲಾ 10 ರೂಪಾಯಿ. ವಾರಕ್ಕೆ 170, ವರ್ಷಕ್ಕೆ 8,840. ಅದರ ಜೊತೆ ಸರ್ಕಾರದಿಂದ 5,000 ಸುತ್ತುನಿಧಿ. ನೀಲಿ ಬಣ್ಣದ ತಗಡಿನ ಟ್ರಂಕು ಒಬ್ಬರ ಮನೆಯಲ್ಲಿ, ಬೀಗದ ಕೈ ಇನ್ನೊಬ್ಬರ ಸೊಂಟದಲ್ಲಿ. ಅವ್ವ ಮೊದಲು ತೆಗೆದದ್ದು 500. ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆ ಫೀಸು, ಒಂದು ಜೊತೆ ಚಪ್ಪಲಿ, ಉಳಿದದ್ದು ಬೂಸಾ ಅಂಗಡಿಯ ಬಾಕಿ. ಮೂರು ವರ್ಷ ಸರಿಯಾಗಿ ಉಳಿಸಿ, ಸರಿಯಾಗಿ ಪುಸ್ತಕ ಬರೆದ ಮೇಲೆ ಬ್ಯಾಂಕಿನವರು ಬಂದು ನಡಾವಳಿ ನೋಡಿ ಸಂಘಕ್ಕೆ ಸಾಲ ಕೊಟ್ಟರು. ಅದರಲ್ಲಿ ಅವ್ವನ ಪಾಲಿಗೆ 10,000. ಉದ್ದೇಶ ಅನ್ನುವ ಕಲಂನಲ್ಲಿ 'ಹಸು ಖರೀದಿ' ಅಂತ ಟೀಚರಮ್ಮ ಬರೆದರು.

ಅದೇ ವಾರ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ನಾಲ್ಕು ಸಾವಿರ ಆಸ್ಪತ್ರೆಗೆ ಹೋಯಿತು. ಉಳಿದ ಆರಕ್ಕೆ ಎರಡು ಮೇಕೆ ಮಾರಿದ ದುಡ್ಡು, ಮಾವನ ಕೈಸಾಲ ಸೇರಿಸಿ ಒಂದು ಸೀಮೆಹಸು ತಂದರು. ಪುಸ್ತಕದಲ್ಲಿ ಇವತ್ತಿಗೂ 'ಹಸು 10,000' ಅಂತಲೇ ಇದೆ. ಸಂಘದ ಹದಿನೇಳು ಜನಕ್ಕೂ, ಟೀಚರಮ್ಮನಿಗೂ ಗೊತ್ತಿತ್ತು. ಬ್ಯಾಂಕಿನ ಮ್ಯಾನೇಜರಿಗೂ ಗೊತ್ತಿತ್ತು ಅಂತ ನನ್ನ ಗುಮಾನಿ. ನಾನೀಗ ಲೆಕ್ಕಪತ್ರದ ಕೆಲಸದಲ್ಲೇ ಇದ್ದೇನೆ. ಉದ್ದೇಶದ ಕಲಂ ನೋಡಿದಾಗೆಲ್ಲ ಅಜ್ಜಿಯ ಸೊಂಟ ನೆನಪಾಗುತ್ತದೆ.

ಅವ್ವ ಇದಿಷ್ಟನ್ನೂ ಕ್ಯಾಮೆರಾಕ್ಕೆ ಹೇಳಿದಳು. ಇಪ್ಪತ್ತು ನಿಮಿಷ ಹೇಳಿದಳು. ಅಜ್ಜಿ ಬಿದ್ದ ಭಾಗವನ್ನು ಎದ್ದು ನಿಂತು ಅಭಿನಯಿಸಿ ತೋರಿಸಿದಳು. ಚಿತ್ರದಲ್ಲಿ ಉಳಿದದ್ದು 'ಸಂಘದಿಂದ ಸಾಲ ತಗಂಡು ಹಸ ತಂದೊ' ಅನ್ನುವ ಒಂದು ವಾಕ್ಯ.

ಎರಡನೇ ದಿನ ಸಂಘದ ಸಭೆ ಚಿತ್ರೀಕರಣ. ಸಭೆ ಅಂದರೆ ಏನು ಅನ್ನುವುದನ್ನು ಸ್ವಲ್ಪ ಹೇಳಬೇಕು. ಈ ಸಂಘದ ಪದ್ಧತಿ ಬಾಂಗ್ಲಾದಿಂದ ಬಂದದ್ದಲ್ಲ. ಅದರ ಬೇರು ನಮ್ಮ ಕಡೆಯೇ ಇದೆ. ಎಂಬತ್ತರ ದಶಕದಲ್ಲಿ ಮೈರಾಡ ಸಂಸ್ಥೆ ನಮ್ಮ ದಕ್ಷಿಣದ ಹಳ್ಳಿಗಳಲ್ಲಿ ಕೆಲಸ ಮಾಡುವಾಗ, ದೊಡ್ಡ ಸಹಕಾರ ಸಂಘಗಳು ಮುರಿದುಬಿದ್ದ ಕಡೆ ಜನ ತಮಗೆ ನಂಬಿಕೆಯಿದ್ದವರ ಜೊತೆ ಸಣ್ಣ ಸಣ್ಣ ಗುಂಪಾಗಿ ತಾವೇ ಉಳಿಸಿ ತಾವೇ ಸಾಲ ಕೊಟ್ಟುಕೊಳ್ಳತೊಡಗಿದರು. ಅದನ್ನು ಕಂಡು ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿಯ ಬ್ಯಾಂಕಾದ ನಬಾರ್ಡ್ 1987ರಲ್ಲಿ ಹಣ ಕೊಟ್ಟಿತು. 1992ರಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ದೇಶದ ಮಟ್ಟದಲ್ಲಿ ಶುರುವಾಯಿತು. ಗ್ರಾಮೀಣ ಬ್ಯಾಂಕಿನ ರೀತಿಯಲ್ಲಿ ಸಾಲ ಕೊಡುವವನು ಗುಂಪು ಕಟ್ಟುತ್ತಾನೆ. ನಮ್ಮದರಲ್ಲಿ ಮೊದಲು ಗುಂಪು, ಮೊದಲು ಉಳಿತಾಯ, ಆಮೇಲೆ ಸಾಲ. ಯಾರಿಗೆ ಎಷ್ಟು, ಯಾವಾಗ, ಯಾರು ಈ ವಾರ ಕಟ್ಟದಿದ್ದರೂ ನಡೆಯುತ್ತದೆ ಅನ್ನುವುದನ್ನು ಗುಂಪೇ ತೀರ್ಮಾನಿಸಬೇಕು. ಹದಿನೇಳು ಹೆಂಗಸರು ಕೂತು ಅಂಥದ್ದನ್ನು ತೀರ್ಮಾನಿಸುವುದು ಅಂದರೆ ಜಗಳ.

ಆ ದಿನ ನಿಜವಾಗಿಯೂ ಒಂದು ಜಗಳ ಇತ್ತು. ಮೇಲಿನ ಬೀದಿಯ ಒಬ್ಬಳು ಮೈನೆರೆದ ಮಗಳ ಒಸಗೆಗೆ ಎರಡು ಸಾವಿರ ಕೇಳಿದ್ದಳು. ಹಳೇ ಸಾಲದ ಎರಡು ಕಂತು ಬಾಕಿ ಇತ್ತು. ಒಬ್ಬಳು 'ಒಸಗೆಗೆಲ್ಲ ಸಾಲ ಕೊಡಕಾಯ್ತದಾ' ಅಂದಳು. ಇನ್ನೊಬ್ಬಳು 'ನಿನ್ನ ಮಗಂಗೆ ಮೊಬೈಲು ತರಕ್ಕೆ ಕೊಡ್ಲಿಲ್ವಾ' ಅಂತ ತಿರುಗಿಬಿದ್ದಳು. ಮೊಬೈಲಿನ ಸಾಲ ಪುಸ್ತಕದಲ್ಲಿ 'ಕುರಿ ಸಾಕಣೆ' ಅಂತ ಇತ್ತು, ಅದೂ ಹೊರಗೆ ಬಂತು. ಅವ್ವ ಆ ವರ್ಷ ಪ್ರತಿನಿಧಿ. ಪುಸ್ತಕ ಬಡಿದು ಬಡಿದು ಸುಮ್ಮನಿರಿ ಅಂದಳು. ಕೊನೆಗೆ, ಬಾಕಿ ಎರಡು ಕಂತನ್ನು ಹೊಸ ಸಾಲದಲ್ಲೇ ಮುರಿದುಕೊಂಡು ಉಳಿದದ್ದು ಕೈಗೆ ಕೊಡುವುದು, ರೇಷ್ಮೆಗೂಡು ಮಾರಿದ ಮೇಲೆ ಒಂದೇ ಸಲ ಅರ್ಧ ತೀರಿಸುವುದು ಅಂತ ಆಯಿತು. ರೇಷ್ಮೆಯವರಿಗೆ ವಾರವಾರ ಕಟ್ಟು ಅಂದರೆ ಆಗದ ಮಾತು. ಹುಳು ಹಣ್ಣಾಗಿ, ಗೂಡು ಕಟ್ಟುವ ಚಂದ್ರಿಕೆ ತಟ್ಟೆಗೆ ಬಿಟ್ಟು, ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಗೆ ಒಯ್ಯುವ ತನಕ ಕೈಯಲ್ಲಿ ಪೈಸೆ ಇರುವುದಿಲ್ಲ. ಬಂದರೆ ಒಟ್ಟಿಗೆ ಬರುತ್ತದೆ. ಇದು ಸಂಘದ ಎಲ್ಲರಿಗೂ ಗೊತ್ತಿತ್ತು, ಯಾಕೆಂದರೆ ಎಲ್ಲರ ಮನೆಯಲ್ಲೂ ಹುಳು ಇತ್ತು.

ನನಗೆ ಮೈಯೆಲ್ಲ ಬೆವರು. ಇಷ್ಟು ವೇಗದ ಬೈಗುಳವನ್ನು ಇಂಗ್ಲಿಷಿಗೆ ಹೇಗೆ ದಾಟಿಸುವುದು? ನಿರ್ದೇಶಕಿ ಮಧ್ಯದಲ್ಲೇ ಕ್ಯಾಮೆರಾ ನಿಲ್ಲಿಸಿದಳು. ಒಳ್ಳೆಯವಳೇ, ಪಾಪ. ಹೆಂಗಸರು ಜಗಳಗಂಟಿಯರು ಅಂತ ನೋಡುವವರಿಗೆ ಅನಿಸಬಾರದು ಅನ್ನುವುದು ಅವಳ ಕಾಳಜಿ. ಮಧ್ಯಾಹ್ನ ಊಟ ಆದ ಮೇಲೆ ಎಲ್ಲರೂ ಸೀರೆ ಬದಲಾಯಿಸಿಕೊಂಡು ಬಂದು, ದುಂಡಗೆ ಕೂತು, ಕೈಮುಗಿದು ಪ್ರಾರ್ಥನೆ ಹಾಡಿ, ಒಬ್ಬೊಬ್ಬರೇ ಹತ್ತು ರೂಪಾಯಿ ಇಟ್ಟು ಸಹಿ ಹಾಕಿದರು. ಆ ದಿನ ಕಟ್ಟುವ ದಿನವೂ ಅಲ್ಲ. ನೋಟುಗಳನ್ನು ಆಮೇಲೆ ಅವರವರಿಗೆ ವಾಪಸ್ ಕೊಟ್ಟೆವು. ಒಂದು ನೋಟು ಕಡಿಮೆ ಬಂತು, ಅದಕ್ಕೂ ಜಗಳ ಆಯಿತು. ಆಗ ಕ್ಯಾಮೆರಾ ಪೆಟ್ಟಿಗೆಯೊಳಗಿತ್ತು.

ಸಬಲೀಕರಣ ಅನ್ನುವ ಪದದ ಬಗ್ಗೆ ಕೇಳಲು ಹೇಳಿದಾಗ ನಾನು ಹಾಗೆಯೇ ಕೇಳಿದೆ. 'ಅದೇನವ್ವ, ಟಾನಿಕ್ಕಾ?' ಅಂದಳು ಅವ್ವ. ಬೇರೆ ಥರ ಕೇಳಿದೆ: ಸಂಘಕ್ಕೆ ಸೇರಿದ ಮೇಲೆ ನಿಂಗೇನು ಧೈರ್ಯ ಬಂತು? ಸುಮಾರು ಹೊತ್ತು ಯೋಚಿಸಿ ಅವ್ವ ಹೇಳಿದ್ದು: 'ಮೊದ್ಲು ಕಾಸು ಬೇಕಾದ್ರೆ ಸಾಲ ಕೊಡೋರ ಜಗಲಿ ಮುಂದೆ ಕಂಬ ಹಿಡ್ಕಂಡು ನಿಂತ್ಕಬೇಕಿತ್ತು. ಅವ್ರು ಒಳಗಿದ್ರೂ ಇಲ್ಲ ಅನ್ನೋರು. ಈಗ ಸೋಮವಾರ ಕೂತ್ಕಂಡು ಕೇಳ್ತೀನಿ.' ನಿಂತು ಕೇಳುವುದು, ಕೂತು ಕೇಳುವುದು. ಇದನ್ನು ಚೆನ್ನಾಗಿ ದಾಟಿಸಲು ನನಗೆ ಬರಲಿಲ್ಲ. ಈಗ ಬರುತ್ತದೆ, ಆದರೆ ಕೇಳುವವರಿಲ್ಲ.

ಮೂರನೇ ದಿನ ಹಸು. ನಮ್ಮ ಹಸು ಆಗ ಏಳು ತಿಂಗಳ ಗಬ್ಬ. ಹಾಲು ಬತ್ತಿಸಿ ಹದಿನೈದು ದಿನವಾಗಿತ್ತು. ಅದನ್ನು ಮೊದಲ ದಿನವೇ ಹೇಳಿದ್ದೆ, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಹಾಲು ಕರೆಯುವ ದೃಶ್ಯ ಇಲ್ಲದೆ ಹೈನುಗಾರಿಕೆಯ ಚಿತ್ರ ಹೇಗೆ? ಎದುರುಮನೆ ಅತ್ತೆಯ ಗೌರಿಯನ್ನು ಹೊಡೆದುಕೊಂಡು ಬಂದು ನಮ್ಮ ಕೊಟ್ಟಿಗೆಯಲ್ಲಿ ಕಟ್ಟಿದರು. ಕರುವನ್ನೂ ತಂದು ಗೂಟಕ್ಕೆ ಬಿಗಿದರು. ಗೌರಿಗೆ ಅವ್ವನ ಕೈ ಹೊಸದು. ಮೊದಲ ಸಲ ಚೊಂಬು ಒದ್ದಳು, ಎರಡನೇ ಸಲ ಅವ್ವನನ್ನೇ ಒದ್ದಳು. ಅತ್ತೆ ಕಂಬದ ಹಿಂದೆ ಕ್ಯಾಮೆರಾಕ್ಕೆ ಕಾಣದ ಹಾಗೆ ಕೂತು ಹಿಂಡಿ ತಿನ್ನಿಸುತ್ತಾ, 'ನಿಂತ್ಕ ನನ್ ತಾಯಿ, ನಿಂತ್ಕ, ನಮ್ಮೋರೇ ಕಣೆ' ಅಂತ ಪಿಸುಗುಟ್ಟುತ್ತಿದ್ದಳು. ಐದನೇ ಸಲಕ್ಕೆ ದೃಶ್ಯ ಸಿಕ್ಕಿತು. ಅವ್ವ ಕೆಚ್ಚಲಿಗೆ ಕೈಹಾಕಿ ಕ್ಯಾಮೆರಾ ಕಡೆ ತಿರುಗಿ ನಗುತ್ತಾಳೆ. ಆ ನಗು ಗೌರಿ ಒದೆಯಲಿಲ್ಲವಲ್ಲ ಅನ್ನುವ ನಗು.

ಅಷ್ಟರಲ್ಲಿ ಅಪ್ಪ ಹುಲ್ಲಿನ ಹೊರೆ ಹೊತ್ತು ಒಳಗೆ ಬಂದ. ನಿರ್ದೇಶಕಿ ನನ್ನ ಕಡೆ ಬಾಗಿ ಮೆಲ್ಲಗೆ, 'ನಿಮ್ಮ ತಂದೆ ಸ್ವಲ್ಪ ಆಚೆ ನಿಲ್ಲಬಹುದಾ, ಇದು ಹೆಂಗಸರ ಕಥೆ' ಅಂದಳು. ಹೇಳಿದೆ. ಅಪ್ಪ ಹುಲ್ಲು ಇಳಿಸಿ, ಟವಲು ಕೊಡವಿಕೊಂಡು ಹೋಗಿ ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಕೂತ. ಸಂಜೆ ತನಕ ಅಲ್ಲೇ. ಎಷ್ಟೋ ವರ್ಷದ ಮೇಲೆ ದೊಡ್ಡಬಳ್ಳಾಪುರದ ಚಿಕ್ಕಮ್ಮ ಯಾರದೋ ಫೋನಿನಲ್ಲಿ ಈ ಚಿತ್ರ ನೋಡಿ ಗಾಬರಿಯಿಂದ ಫೋನ್ ಮಾಡಿದ್ದಳು. 'ಅಕ್ಕ ಒಬ್ಳೇ ಅಷ್ಟೆಲ್ಲ ಮಾಡ್ತಾವ್ಳೆ, ಭಾವ ಯಾವಾಗ ಹೋದ್ರು? ನಮಗೆ ಯಾಕೆ ಹೇಳ್ಲಿಲ್ಲ?' ಫೋನ್ ಎತ್ತಿದ್ದು ಭಾವನೇ.

ಹೊರಡುವ ಹೊತ್ತಿಗೆ, ಮೈಕು ಮಡಚುತ್ತಿದ್ದಾಗ, ಅವ್ವ ತಾನಾಗಿ ಒಂದು ಮಾತು ಹೇಳಿದಳು. ನಿರ್ದೇಶಕಿ ನಮ್ಮ ಹಸುವಿನ ಮೈ ಸವರುತ್ತಾ, ಇದು ಯಾವಾಗ ಹಾಲು ಕೊಡುತ್ತದೆ ಅಂತ ಕೇಳಿದ್ದಳು. ಕರು ಹಾಕಬೇಕಲ್ಲ, ಇನ್ನೆರಡು ತಿಂಗಳು, ಅಂದೆ ನಾನು. ಅವ್ವ ಅಂದಳು: 'ಹಸ ಬತ್ತುತ್ತೆ, ಕಂತು ಬತ್ತಲ್ಲ ಕಣವ್ವ. ಅದನ್ನೂ ಹಾಕ್ಕಳಿ.' ದಾಟಿಸಿದೆ. ಚೆನ್ನಾಗಿದೆ, ಬರೆದುಕೊಳ್ಳುತ್ತೇನೆ ಅಂದಳು. ಬರೆದುಕೊಂಡಳು ಕೂಡ, ನಾನೇ ನೋಡಿದೆ.

ಆರು ತಿಂಗಳಿಗೆ ಒಂದು ಸಿ.ಡಿ. ಬಂತು. ಚನ್ನಪಟ್ಟಣದ ಸೈಬರ್ ಸೆಂಟರಿನಲ್ಲಿ ಗಂಟೆಗೆ ಹದಿನೈದು ರೂಪಾಯಿ ಕೊಟ್ಟು ನಾನೊಬ್ಬಳೇ ನೋಡಿದೆ. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಅವ್ವ ಅಷ್ಟು ಚಂದ ಕಂಡಿದ್ದನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಊರಲ್ಲಿ ಸಿ.ಡಿ. ಹಾಕುವ ಪೆಟ್ಟಿಗೆ ಇದ್ದದ್ದು ಕೊನೆಮನೆ ಅಕ್ಕನಲ್ಲಿ ಮಾತ್ರ. ಅವಳಲ್ಲಿಗೆ ಹೋಗಿ ಹಾಕಿಸಿಕೊಳ್ಳಲು ಅವ್ವ ಒಪ್ಪಲಿಲ್ಲ. ಸಿ.ಡಿ. ದೇವರ ಗೂಡಿನಲ್ಲಿ ಫೋಟೋಗಳ ಹಿಂದೆ ಸೇರಿತು.

ಚಿತ್ರ ಮುಗಿದ ಮೇಲೆ ಶುರುವಾದದ್ದರ ಬಗ್ಗೆಯೇ ನನಗೆ ಹೆಚ್ಚು ಹೇಳುವುದಿದೆ. ಎರಡು ಮೂರು ವರ್ಷದಲ್ಲಿ ಊರಿಗೆ ಸಣ್ಣ ಸಾಲ ಕೊಡುವ ಮೈಕ್ರೋಫೈನಾನ್ಸ್ ಕಂಪನಿಗಳ ಬೈಕುಗಳು ಬಂದವು. ಹೆಲ್ಮೆಟ್ಟು, ಹೆಗಲಿಗೆ ಬ್ಯಾಗು, ಕುತ್ತಿಗೆಗೆ ಗುರುತಿನ ಚೀಟಿ, ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗರು. ಉಳಿತಾಯ ಬೇಡ, ಪುಸ್ತಕ ಬರೆಯುವುದು ಬೇಡ, ಮೂರು ವರ್ಷ ಕಾಯುವುದು ಬೇಡ. ಗುರುತಿನ ಚೀಟಿ ಕೊಟ್ಟು, ಹತ್ತು ಜನ ಸೇರಿ, ಗೋಡೆ ಮುಂದೆ ನಿಂತು ಫೋಟೋ ತೆಗೆಸಿಕೊಂಡರೆ ವಾರದಲ್ಲಿ ದುಡ್ಡು. ಹೆಂಗಸರು ಇವಕ್ಕೂ ಸಂಘ ಅಂತಲೇ ಹೆಸರಿಟ್ಟರು. ಸೋಮವಾರದ ಸಂಘ, ಹದಿನೈದು ದಿನದ ಸಂಘ, ತಿಂಗಳ ಸಂಘ. ಬೈಕಿನ ಹುಡುಗ 'ಸಂಘದ ಸಾರು'. ಹೆಸರು ಒಂದೇ ಆದ್ದರಿಂದ ಮೊದಮೊದಲು ಅವ್ವನಿಗೂ ಎರಡರ ವ್ಯತ್ಯಾಸ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ ಅನ್ನಿ. 2010ರಲ್ಲಿ ಪಕ್ಕದ ಆಂಧ್ರದಲ್ಲಿ ವಸೂಲಿ ಕಾಟಕ್ಕೆ ಜನ ಸತ್ತು, ಅಕ್ಟೋಬರಿನಲ್ಲಿ ಅಲ್ಲಿನ ಸರ್ಕಾರ ಸುಗ್ರೀವಾಜ್ಞೆ ತಂದಾಗ ಅದನ್ನು ಬೇರೆಯವರ ಮನೆ ಸುದ್ದಿ ಅಂತ ಓದಿದೆ.

2018ರಲ್ಲಿ ತಮ್ಮನ ಡಿಪ್ಲೊಮಾ ಫೀಸಿಗೆ ಅವ್ವ ತಿಂಗಳ ಸಂಘ ಒಂದರಲ್ಲಿ 30,000 ತೆಗೆದಳು. ಉದ್ದೇಶ ಮತ್ತೆ ಹಸುವೇ. ನೂರಕ್ಕೆ ಒಂದು ರೂಪಾಯಿ ಚಿಲ್ಲರೆ ಬಡ್ಡಿ ಅಂತ ಹುಡುಗ ಹೇಳಿದ್ದ. ಸಾಲದ ಕಾರ್ಡು ನೋಡಿದರೆ ವರ್ಷಕ್ಕೆ ನೂರಕ್ಕೆ 24. ಇಬ್ಬರೂ ಸುಳ್ಳು ಹೇಳಿರಲಿಲ್ಲ. ತಿಂಗಳಿಗೆ 1,586ರಂತೆ 24 ಕಂತು, ಒಟ್ಟು 38,000 ಚಿಲ್ಲರೆ. ಮೇಲಿನ ಎಂಟು ಸಾವಿರವನ್ನು ಪೂರ್ತಿ ಮೂವತ್ತು ಸಾವಿರದ ಮೇಲೆ ಹಂಚಿದರೆ ತಿಂಗಳಿಗೆ ಒಂದು ರೂಪಾಯಿ ಚಿಲ್ಲರೆ ಅಂತ ಕಾಣುತ್ತದೆ. ಆದರೆ ಪ್ರತಿ ಕಂತಿನಲ್ಲೂ ಅಸಲು ಇಳಿಯುತ್ತಿರುತ್ತದಲ್ಲ, ಕೈಯಲ್ಲಿ ಉಳಿದ ಅಸಲಿಗೆ ಲೆಕ್ಕ ಹಾಕಿದರೆ ತಿಂಗಳಿಗೆ ಎರಡು ರೂಪಾಯಿ. ನಾನು ಜಾಣೆಯಂತೆ ಇದನ್ನೆಲ್ಲ ವಿವರಿಸಿದಾಗ ಅವ್ವ ಕೇಳಿದ್ದು: 'ನಮ್ಮ ಸಂಘದ್ದೂ ಎರಡು ರೂಪಾಯಿನೇ ಅಲ್ವಾ?'

ಹೌದಲ್ಲ. ಟ್ರಂಕಿನ ಸಂಘದ ಒಳಸಾಲಕ್ಕೂ ನೂರಕ್ಕೆ ಎರಡು. ಒಂದೇ ಬಡ್ಡಿ. ಟ್ರಂಕಿನ ಬಡ್ಡಿ ಟ್ರಂಕಿಗೇ ಬಿದ್ದು, ಮತ್ತೆ ಅವರಲ್ಲೇ ಯಾರಿಗೋ ಸಾಲವಾಗಿ ಹೋಗುತ್ತದೆ. ಬೈಕಿನ ಬಡ್ಡಿ ಬೈಕು ಹತ್ತಿ ಹೋಗುತ್ತದೆ. ಅದು ನೂರಕ್ಕೆ ಐದರವನಿಗಿಂತ ವಾಸಿಯಲ್ಲವೇ ಅಂದರೆ, ವಾಸಿಯೇ. ಅದನ್ನು ಅಲ್ಲಗಳೆಯುವವರು ಕಂಬ ಹಿಡಿದು ನಿಂತಿಲ್ಲ. ಆದರೆ ಗೂಡು ಮಾರಿದ ಮೇಲೆ ಕೊಡ್ತೀನಿ ಅಂತ ಕೂತು ಹೇಳಲು ಬೈಕಿನ ಸಂಘದಲ್ಲಿ ಜಾಗವಿಲ್ಲ. ಅಲ್ಲಿ ಜಗಳವೇ ಇಲ್ಲ. ಎಲ್ಲರೂ ಸಾಲಾಗಿ ಕೂತು, ದುಡ್ಡು ಕೊಟ್ಟು, ಸಹಿ ಹಾಕಿ ಎದ್ದು ಹೋಗುತ್ತಾರೆ. ನಿರ್ದೇಶಕಿ ಬಯಸಿದ್ದ ಸಭೆ ಅಂತೂ ಕೊನೆಗೆ ನಮ್ಮೂರಿಗೆ ಬಂತು.

ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಜೊತೆಗಾರರು ಹೈದರಾಬಾದಿನ 104 ಬಡ ಬಡಾವಣೆಗಳಲ್ಲಿ ಇಂಥ ಸಾಲವನ್ನು ಪರೀಕ್ಷಿಸಿದ್ದನ್ನು, 2019ರಲ್ಲಿ ಅವರಿಬ್ಬರಿಗೆ ನೊಬೆಲ್ ಬಂದ ಹೊತ್ತಿನಲ್ಲಿ ಓದಿದೆ. 52ರಲ್ಲಿ ಮೊದಲು ಸಾಲದ ಶಾಖೆ ತೆರೆಸಿ, ಉಳಿದ 52ರ ಜೊತೆ ಹೋಲಿಸಿ ನೋಡಿದ್ದರು. ಮೊದಲೇ ವ್ಯಾಪಾರ ಇದ್ದವರು ಅದಕ್ಕೆ ಇನ್ನಷ್ಟು ಬಂಡವಾಳ ಹಾಕಿದ್ದರು, ಬಾಳಿಕೆ ಬರುವ ಸಾಮಾನು ಕೊಂಡವರಿದ್ದರು. ಮಕ್ಕಳ ಓದು, ಆರೋಗ್ಯ, ಮನೆಯಲ್ಲಿ ಹೆಂಗಸಿನ ಮಾತು, ಇವುಗಳಲ್ಲಿ ಹೇಳಿಕೊಳ್ಳುವ ಬದಲಾವಣೆ ಸಿಗಲಿಲ್ಲ. ಅವ್ವನಿಗೆ ಹೇಳಿದೆ. 'ಕೊನೆಮನೆಯವಳು ಮೇಲೆ ಬಂದ್ಲು, ನಾವು ಹಿಂಗೇ ಇದ್ದೀವಿ ಅಂತ ತಾನೆ? ಇದನ್ನ ಕಂಡಿಡಿಯಕ್ಕೆ ಅಷ್ಟು ಜನ ಬೇಕಿತ್ತಾ?' ಅಂದಳು.

ಆಮೇಲೆ ಕೊರೋನ. 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಕಟ್ಟುವುದನ್ನು ಮುಂದೂಡಬಹುದು ಅಂತ ರಿಸರ್ವ್ ಬ್ಯಾಂಕ್ ಹೇಳಿತು. ಊರಲ್ಲಿ ಅದು ಮನ್ನಾ ಅಂತ ಹಬ್ಬಿತು. ಬಡ್ಡಿ ಮಾತ್ರ ಓಡುತ್ತಲೇ ಇದೆ ಅಂತ ಗೊತ್ತಾದದ್ದು ಬೈಕು ಮತ್ತೆ ಬಂದ ಮೇಲೆ. ಗುಂಪಿನಲ್ಲಿದ್ದ ಒಬ್ಬಳು ಸಂಸಾರ ಸಮೇತ ಬೆಂಗಳೂರಿಗೆ ಹೋಗಿ ಫೋನ್ ಆಫ್ ಮಾಡಿಕೊಂಡಳು. ಅವಳ ಕಂತನ್ನು ಉಳಿದವರು ಹಾಕಬೇಕು, ಅದಕ್ಕೇ ಅಲ್ಲವೇ ಗೋಡೆ ಮುಂದೆ ಒಟ್ಟಿಗೆ ಫೋಟೋ. ಒಂದು ಸಂಜೆ ಆ ಹುಡುಗ ಎದುರುಮನೆ ಜಗಲಿ ಮೇಲೆ ಕೂತವನು ರಾತ್ರಿ ಒಂಬತ್ತಾದರೂ ಏಳಲಿಲ್ಲ. ಬೈಯಲಿಲ್ಲ, ಗದರಲಿಲ್ಲ. ನಾನು ದುಡ್ಡು ತಗೊಂಡು ಹೋಗದಿದ್ದರೆ ನನ್ನ ಸಂಬಳದಲ್ಲಿ ಹಿಡಿಯುತ್ತಾರಮ್ಮ, ಅಂತ ಅಷ್ಟೇ ಹೇಳುತ್ತಾ ಕೂತಿದ್ದ. ಅವನಿಗೆ ಅತ್ತೆ ಮುದ್ದೆ ಸಾರು ಬಡಿಸಿದಳು. ಉಂಡು, ಮತ್ತೆ ಬಂದು ಜಗಲಿ ಮೇಲೆ ಕೂತ. ಹೆಂಗಸರು ನೂರು ಇನ್ನೂರು ಅಂತ ಒಟ್ಟು ಮಾಡಿ ತಂದುಕೊಟ್ಟ ಮೇಲೆ ಹೋದ.

2022ರಲ್ಲಿ ರಿಸರ್ವ್ ಬ್ಯಾಂಕ್ ಹೊಸ ನಿಯಮ ತಂದಿತು. ಬೆಳಿಗ್ಗೆ ಒಂಬತ್ತಕ್ಕೆ ಮೊದಲು, ಸಂಜೆ ಆರರ ನಂತರ ವಸೂಲಿಗೆ ಫೋನ್ ಮಾಡುವಂತಿಲ್ಲ, ಒಂದು ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟುವಂತಿಲ್ಲ. ಅರ್ಧ ಅಂದರೆ ಯಾವ ತಿಂಗಳಿನ ಅರ್ಧ? ಗೂಡು ಮಾರಿದ ತಿಂಗಳೋ, ಹಸು ಬತ್ತಿದ ತಿಂಗಳೋ? 2025ರ ಜನವರಿಯಲ್ಲಿ ಚಾಮರಾಜನಗರ, ಮೈಸೂರು, ನಮ್ಮ ರಾಮನಗರದ ಕಡೆಯಿಂದಲೂ, ವಸೂಲಿಗೆ ಹೆದರಿ ಊರು ಬಿಟ್ಟವರ ಬೀಗ ಹಾಕಿದ ಮನೆಗಳ ಚಿತ್ರಗಳು ಟಿ.ವಿ.ಯಲ್ಲಿ ಬಂದವು. ಫೆಬ್ರವರಿ 12ಕ್ಕೆ ರಾಜ್ಯದ ಸುಗ್ರೀವಾಜ್ಞೆ: ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಬೈಕುಗಳು ಎರಡು ವಾರ ಕಾಣಲಿಲ್ಲ. ಆಮೇಲೆ ಬಂದವು. ಸಾಲ ಬೇಕಾದವರೂ ಅವರ ದಾರಿಯನ್ನೇ ಕಾಯುತ್ತಿದ್ದರು.

ಆ ಬೇಸಿಗೆಯಲ್ಲಿ ಊರಿಗೆ ಹೋದಾಗ ಚಿತ್ರ ಇಂಟರ್ನೆಟ್ಟಿನಲ್ಲಿ ಸಿಕ್ಕಿತು. ಹದಿನೆಂಟು ವರ್ಷದ ಮೇಲೆ ಅವ್ವ ಅದನ್ನು ಮೊದಲ ಸಲ ಪೂರ್ತಿ ನೋಡಿದಳು. ಜಗಲಿಯ ಕಂಬಕ್ಕೆ ಫೋನು ಒರಗಿಸಿಟ್ಟೆ. ಅಪ್ಪನೂ ಬಂದು ಕೂತ, ತಾನು ಎಲ್ಲಾದರೂ ಕಾಣುತ್ತೇನಾ ಅಂತ. ಅಜ್ಜಿಯ ಸೊಂಟ ಬರಲಿಲ್ಲ, ಒಸಗೆ ಜಗಳ ಬರಲಿಲ್ಲ, ಕಂತು ಬತ್ತಲ್ಲ ಅನ್ನುವ ಮಾತಂತೂ ಇಲ್ಲವೇ ಇಲ್ಲ. ಹಾಲು ಕರೆಯುವ ದೃಶ್ಯ ಬಂದಾಗ ಅವ್ವ ಎದುರುಮನೆ ಕಡೆ ತಿರುಗಿ ಕೂಗಿದಳು, 'ಅಕ್ಕಾ, ಬಾರಕ್ಕ, ನಿನ್ ಗೌರಿ ಬಂದವ್ಳೆ!'

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಬಂದು ಕೂತಳು. ಕಣ್ಣು ಸರಿಯಾಗಿ ಕಾಣದ್ದಕ್ಕೆ ಫೋನನ್ನು ಕೈಗೆ ಕೊಟ್ಟೆ. ಮೂಗಿನ ಹತ್ತಿರ ಹಿಡಿದು ನೋಡಿದಳು. ಇನ್ನೊಂದು ಸಲ ಹಾಕು ಅಂದಳು, ಹಾಕಿದೆ.

'ಎಂಥ ಕೆಚ್ಚಲು ನೋಡೇ ಅವಳ್ದು' ಅಂದಳು. ಆಮೇಲೆ ಬೆರಳಿನಿಂದ ಪರದೆಯ ಮೂಲೆ ಮುಟ್ಟಿದಳು. ಗೂಟಕ್ಕೆ ಕಟ್ಟಿದ ಕರು, ಅರ್ಧ ಮಾತ್ರ ಕಾಣುತ್ತದೆ. 'ಈ ಕರ ಐತಲ್ಲ ಮಗಾ, ಇದರ ಮಗಳನ್ನೇ ನಾನು ಕೊರೋನ ಆದ ವರ್ಷ ಹೊಡ್ಕಂಡೋಗಿ ಮಾರಿದ್ದು. ಮೂರು ಸಂಘದ್ದು ಬಾಕಿ ಬಿದ್ದಿತ್ತಲ್ಲ. ಅವಳೂ ಹಿಂಗೇ ಇದ್ಲು, ಹಣೆ ಮೇಲೆ ಬೊಟ್ಟು.'

ಯಾರೂ ಏನೂ ಅನ್ನಲಿಲ್ಲ. ಫೋನಿನಲ್ಲಿ ಕೊಳಲು ಶುರುವಾಗಿತ್ತು. ಅವ್ವ ಆಕಾಶ ನೋಡಿ, 'ಆರಾಯ್ತು, ಡೇರಿ ಮುಚ್ತಾರೆ' ಅಂತ ಕ್ಯಾನು ಎತ್ತಿಕೊಂಡು ಕೊಟ್ಟಿಗೆ ಕಡೆ ಹೋದಳು. ಹಿಂದೆಯೇ ಅಪ್ಪ, ಹುಲ್ಲು ಹಿಡಿದುಕೊಂಡು.